ಬಿ. ಶಂಕರಾನಂದ

ಬಿ. ಶಂಕರಾನಂದ (19 ಅಕ್ಟೋಬರ್ 1925 – 20 ನವೆಂಬರ್ 2009) ಅವರು ಕರ್ನಾಟಕದ ಬೆಳಗಾವಿ ಜಿಲ್ಲೆಗೆ ಸೇರಿದ ರಾಜಕಾರಣಿ, ವಕೀಲ ಮತ್ತು ಕೇಂದ್ರ ಸರ್ಕಾರದ ಮಾಜಿ ಸಚಿವರು. ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ ಪಕ್ಷದಿಂದ ಚಿಕ್ಕೋಡಿ ಲೋಕಸಭಾ ಕ್ಷೇತ್ರವನ್ನು 1967ರಿಂದ 1996ರವರೆಗೆ ಸತತವಾಗಿ ಏಳು ಅವಧಿಗಳಲ್ಲಿ ಪ್ರತಿನಿಧಿಸಿದರು. ಇಂದಿರಾ ಗಾಂಧಿ, ರಾಜೀವ್ ಗಾಂಧಿ ಮತ್ತು ಪಿ. ವಿ. ನರಸಿಂಹ ರಾವ್ ಈ ಮೂವರು ಪ್ರಧಾನಿಗಳ ಸಂಪುಟಗಳಲ್ಲಿ ಆರೋಗ್ಯ, ಶಿಕ್ಷಣ, ಸಮಾಜ ಕಲ್ಯಾಣ, ನೀರಾವರಿ ಮತ್ತು ವಿದ್ಯುತ್, ಜಲಸಂಪನ್ಮೂಲ, ಕಾನೂನು, ಪೆಟ್ರೋಲಿಯಂ ಖಾತೆಗಳನ್ನು ನಿರ್ವಹಿಸಿದರು. ಸ್ವತಂತ್ರ ಭಾರತದ ಮೊದಲ ರಾಷ್ಟ್ರೀಯ ಆರೋಗ್ಯ ನೀತಿ 1983ರಲ್ಲಿ ಅಂಗೀಕಾರವಾದಾಗ ಅವರೇ ಕೇಂದ್ರ ಆರೋಗ್ಯ ಸಚಿವರಾಗಿದ್ದರು. ಸಾರ್ವಜನಿಕ ನೆನಪಿನಲ್ಲಿ ಅವರ ಹೆಸರು ಬೊಫೋರ್ಸ್ ಜಂಟಿ ಸಂಸದೀಯ ಸಮಿತಿಯ ಅಧ್ಯಕ್ಷತೆಯೊಂದಿಗೆ ಹೆಚ್ಚಾಗಿ ಬೆಸೆದುಕೊಂಡಿದೆ. ಆದರೆ ಗ್ರಾಮೀಣ ಜನಜೀವನದ ಮೇಲೆ ದೀರ್ಘಕಾಲ ಪರಿಣಾಮ ಬೀರಿದ ಕಾರ್ಯಗಳು ಅವರ ಆರೋಗ್ಯ ಮತ್ತು ಜಲ ಖಾತೆಗಳ ಅವಧಿಗೆ ಸೇರಿದವು.

ಹಿನ್ನೆಲೆ ಮತ್ತು ಕ್ಷೇತ್ರ

ಶಂಕರಾನಂದರು ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ಭಾಗದ ಗ್ರಾಮೀಣ ಪರಿಸರದಲ್ಲಿ ಜನಿಸಿದರು. ಆಗ ಈ ಪ್ರದೇಶವು ಮುಂಬಯಿ ಪ್ರಾಂತ್ಯದಲ್ಲಿತ್ತು. ಕಾನೂನು ಪದವಿ ಪಡೆದು ವಕೀಲಿ ವೃತ್ತಿಯನ್ನು ಕೈಗೊಂಡ ಅವರು ದಲಿತ ಸಮುದಾಯದಿಂದ ಬಂದು ರಾಷ್ಟ್ರಮಟ್ಟದ ಸಚಿವಸ್ಥಾನಕ್ಕೇರಿದ ಉತ್ತರ ಕರ್ನಾಟಕದ ಪ್ರಮುಖ ನಾಯಕರಲ್ಲಿ ಒಬ್ಬರು.

ಚಿಕ್ಕೋಡಿ ಲೋಕಸಭಾ ಕ್ಷೇತ್ರವು ಅವರ ಕಾಲದಲ್ಲಿ ಪರಿಶಿಷ್ಟ ಜಾತಿಗೆ ಮೀಸಲಾಗಿತ್ತು. ಈ ಮೀಸಲಾತಿ 2008ರ ಕ್ಷೇತ್ರ ಪುನರ್ವಿಂಗಡಣೆಯವರೆಗೂ ಮುಂದುವರಿಯಿತು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಹುಕ್ಕೇರಿ ಮೊದಲಾದ ಊರುಗಳ ಈ ಸೀಮೆಯು ಮಹಾರಾಷ್ಟ್ರದ ಗಡಿಗೆ ತಾಗಿಕೊಂಡಿದ್ದು, ಕನ್ನಡ ಮತ್ತು ಮರಾಠಿ ಎರಡೂ ಬಳಕೆಯಲ್ಲಿವೆ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ದಡದಲ್ಲಿ ಕಬ್ಬು ಮತ್ತು ನಿಪ್ಪಾಣಿಯ ಸುತ್ತ ತಂಬಾಕು ಮುಖ್ಯ ಬೆಳೆಗಳು. ನದಿಯಿಂದ ದೂರವಿರುವ ರಾಯಬಾಗ ಮತ್ತು ಅಥಣಿ ತಾಲ್ಲೂಕುಗಳ ಎತ್ತರದ ಭಾಗಗಳು ಮಳೆಯನ್ನೇ ನಂಬಿದ ಒಣಭೂಮಿಗಳಾಗಿದ್ದವು. ಕುಡಿಯುವ ನೀರು, ಆಸ್ಪತ್ರೆಯ ದೂರ ಮತ್ತು ಪಂಪಿಗೆ ಬೇಕಾದ ವಿದ್ಯುತ್ ಈ ಮೂರೂ ಇಲ್ಲಿನ ದಿನನಿತ್ಯದ ಪ್ರಶ್ನೆಗಳಾಗಿದ್ದವು. ಕ್ಷೇತ್ರದ ಪ್ರತಿನಿಧಿಗೆ ಮುಂದೆ ದೊರೆತ ಖಾತೆಗಳೂ ಹೆಚ್ಚುಕಡಿಮೆ ಇವೇ ವಿಷಯಗಳಿಗೆ ಸಂಬಂಧಿಸಿದ್ದವು.

ಸಂಸದೀಯ ಜೀವನ

1967, 1971, 1977, 1980, 1984, 1989 ಮತ್ತು 1991ರ ಲೋಕಸಭಾ ಚುನಾವಣೆಗಳಲ್ಲಿ ಶಂಕರಾನಂದರು ಚಿಕ್ಕೋಡಿಯಿಂದ ಆಯ್ಕೆಯಾದರು. ತುರ್ತುಪರಿಸ್ಥಿತಿಯ ನಂತರದ 1977ರ ಚುನಾವಣೆಯಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ನೆಲಕಚ್ಚಿದರೂ ಕರ್ನಾಟಕದ 28 ಸ್ಥಾನಗಳ ಪೈಕಿ 26ರಲ್ಲಿ ಗೆದ್ದಿತ್ತು; ಚಿಕ್ಕೋಡಿಯೂ ಅವುಗಳಲ್ಲಿ ಒಂದು. 1971ರಿಂದ 1977ರವರೆಗೆ ಅವರು ಸಂಸದೀಯ ವ್ಯವಹಾರಗಳ ಉಪಸಚಿವರಾಗಿದ್ದರು. 1980ರ ಜನವರಿಯಲ್ಲಿ ಇಂದಿರಾ ಗಾಂಧಿಯವರು ಮತ್ತೆ ಅಧಿಕಾರಕ್ಕೆ ಬಂದಾಗ ಸಂಪುಟ ದರ್ಜೆಯ ಸಚಿವರಾದರು. 1996ರ ಚುನಾವಣೆಯಲ್ಲಿ ಜನತಾ ದಳದ ರತ್ನಮಾಲಾ ಸವಣೂರ ಅವರು ಈ ಕ್ಷೇತ್ರದಿಂದ ಆಯ್ಕೆಯಾಗುವುದರೊಂದಿಗೆ ಶಂಕರಾನಂದರ ಸುದೀರ್ಘ ಲೋಕಸಭಾ ಸದಸ್ಯತ್ವ ಕೊನೆಗೊಂಡಿತು.

ಆರೋಗ್ಯ ಸಚಿವರಾಗಿ ಮೊದಲ ಅವಧಿ (1980–1984)

ಭಾರತದ ಸಂವಿಧಾನದ ಪ್ರಕಾರ ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳು ರಾಜ್ಯಪಟ್ಟಿಯ ವಿಷಯಗಳು. ಆದ್ದರಿಂದ ಕೇಂದ್ರ ಆರೋಗ್ಯ ಸಚಿವರು ಹಳ್ಳಿಯ ಆಸ್ಪತ್ರೆಯನ್ನು ನೇರವಾಗಿ ನಡೆಸುವುದಿಲ್ಲ. ನೀತಿಯನ್ನು ರೂಪಿಸುವುದು, ಮಾನದಂಡಗಳನ್ನು ನಿಗದಿಪಡಿಸುವುದು, ರಾಷ್ಟ್ರೀಯ ಕಾರ್ಯಕ್ರಮಗಳಿಗೆ ಹಣ ಮತ್ತು ಔಷಧಿ ಒದಗಿಸುವುದು ಅವರ ಮುಖ್ಯ ಕರ್ತವ್ಯ. ಶಂಕರಾನಂದರ ಕೊಡುಗೆಯನ್ನು ಅಳೆಯುವಾಗ ಈ ಮಿತಿಯನ್ನು ನೆನಪಿನಲ್ಲಿಡಬೇಕು. ಕೆಳಗೆ ವಿವರಿಸಿದ ಕಾರ್ಯಗಳು ತಜ್ಞರು, ಅಧಿಕಾರಿಗಳು ಮತ್ತು ರಾಜ್ಯ ಸರ್ಕಾರಗಳ ಸಾಮೂಹಿಕ ಶ್ರಮದ ಫಲ. ಅವುಗಳಿಗೆ ಸಂಸತ್ತಿನ ಮುಂದೆ ಉತ್ತರದಾಯಿಯಾಗಿದ್ದವರು ಸಚಿವರು.

ರಾಷ್ಟ್ರೀಯ ಆರೋಗ್ಯ ನೀತಿ, 1983

1978ರಲ್ಲಿ ಆಗಿನ ಸೋವಿಯತ್ ಒಕ್ಕೂಟದ ಅಲ್ಮಾ ಅಟಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಸಮ್ಮೇಳನವು 2000ನೇ ಇಸವಿಯೊಳಗೆ ಎಲ್ಲರಿಗೂ ಆರೋಗ್ಯ ಎಂಬ ಗುರಿಯನ್ನು ಘೋಷಿಸಿತ್ತು. ಭಾರತವೂ ಅದಕ್ಕೆ ಸಹಿ ಹಾಕಿತ್ತು. ಆದರೆ ಸ್ವಾತಂತ್ರ್ಯ ಬಂದು ಮೂರು ದಶಕ ಕಳೆದರೂ ದೇಶಕ್ಕೆ ಸಂಸತ್ತು ಅಂಗೀಕರಿಸಿದ ಆರೋಗ್ಯ ನೀತಿಯೊಂದು ಇರಲಿಲ್ಲ. 1946ರ ಭೋರ್ ಸಮಿತಿಯ ವರದಿ ಮತ್ತು ನಂತರದ ಸಮಿತಿಗಳ ಶಿಫಾರಸುಗಳ ಆಧಾರದ ಮೇಲೆಯೇ ಕೆಲಸ ಸಾಗುತ್ತಿತ್ತು. 1981ರ ಮೇ ತಿಂಗಳಲ್ಲಿ ಜಿನೀವಾದ ವಿಶ್ವ ಆರೋಗ್ಯ ಸಭೆಯನ್ನು ಉದ್ದೇಶಿಸಿ ಇಂದಿರಾ ಗಾಂಧಿಯವರು ಭಾಷಣ ಮಾಡಿದರು. ಎರಡು ವರ್ಷಗಳ ನಂತರ, 1983ರಲ್ಲಿ, ರಾಷ್ಟ್ರೀಯ ಆರೋಗ್ಯ ನೀತಿಗೆ ಸಂಸತ್ತಿನ ಒಪ್ಪಿಗೆ ದೊರೆಯಿತು.

ಆಸ್ಪತ್ರೆಗಳು ನಗರಗಳಲ್ಲಿ ಕೇಂದ್ರೀಕೃತವಾಗಿರುವುದನ್ನೂ, ರೋಗ ಬಂದ ಮೇಲೆ ಚಿಕಿತ್ಸೆ ನೀಡುವ ಪದ್ಧತಿಗೇ ಹೆಚ್ಚಿನ ಒತ್ತು ದೊರೆತಿರುವುದನ್ನೂ ಈ ನೀತಿಯು ದೋಷವೆಂದು ಒಪ್ಪಿಕೊಂಡಿತು. ರೋಗ ತಡೆಗಟ್ಟುವಿಕೆ, ಪೌಷ್ಟಿಕ ಆಹಾರ, ಶುದ್ಧ ಕುಡಿಯುವ ನೀರು, ನೈರ್ಮಲ್ಯ ಮತ್ತು ತಾಯಿ ಮಕ್ಕಳ ಆರೈಕೆಗಳನ್ನು ಪ್ರಾಥಮಿಕ ಆರೋಗ್ಯ ಸೇವೆಯ ತಳಹದಿಯಾಗಿ ಸ್ವೀಕರಿಸಿತು. ಆಯುರ್ವೇದ, ಯುನಾನಿ, ಹೋಮಿಯೋಪಥಿ ಮೊದಲಾದ ಪದ್ಧತಿಗಳ ವೈದ್ಯರನ್ನೂ ಸೇವಾಜಾಲದೊಳಗೆ ತರಬೇಕೆಂದು ಸೂಚಿಸಿತು. 2000ನೇ ಇಸವಿಯ ವೇಳೆಗೆ ಶಿಶು ಮರಣ ಪ್ರಮಾಣವನ್ನು ಸಾವಿರ ಜನನಗಳಿಗೆ 60ಕ್ಕಿಂತ ಕೆಳಗೆ, ಸಾಮಾನ್ಯ ಮರಣ ಪ್ರಮಾಣವನ್ನು ಸಾವಿರಕ್ಕೆ 9ಕ್ಕೆ, ಜನನ ಪ್ರಮಾಣವನ್ನು ಸಾವಿರಕ್ಕೆ 21ಕ್ಕೆ ಇಳಿಸುವ ಗುರಿಗಳನ್ನು ನಿಗದಿಪಡಿಸಲಾಯಿತು.

ಜನಸಂಖ್ಯೆಯನ್ನು ಆಧರಿಸಿದ ಸೇವಾಜಾಲ

ಆರನೇ ಪಂಚವಾರ್ಷಿಕ ಯೋಜನೆಯ (1980–85) ಅವಧಿಯಲ್ಲಿ ಗ್ರಾಮೀಣ ಆರೋಗ್ಯ ಸಂಸ್ಥೆಗಳಿಗೆ ಹೊಸ ಜನಸಂಖ್ಯಾ ಮಾನದಂಡಗಳು ಜಾರಿಗೆ ಬಂದವು. ಬಯಲು ಪ್ರದೇಶದಲ್ಲಿ 5,000 ಜನರಿಗೆ ಒಂದು ಉಪಕೇಂದ್ರ, 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಸುಮಾರು ಒಂದು ಲಕ್ಷ ಜನರಿಗೆ 30 ಹಾಸಿಗೆಗಳ ಒಂದು ಸಮುದಾಯ ಆರೋಗ್ಯ ಕೇಂದ್ರ ಎಂಬುದು ಅದರ ಸಾರ. ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಗಳಲ್ಲಿ ಉಪಕೇಂದ್ರಕ್ಕೆ 3,000 ಮತ್ತು ಪ್ರಾಥಮಿಕ ಕೇಂದ್ರಕ್ಕೆ 20,000 ಜನಸಂಖ್ಯೆ ಸಾಕೆಂದು ತೀರ್ಮಾನಿಸಲಾಯಿತು.

ಈ ಅಂಕಿಗಳು ನೋಡಲು ಶುಷ್ಕವೆನಿಸಿದರೂ ಗರ್ಭಿಣಿಯೊಬ್ಬಳು ಎಷ್ಟು ದೂರ ನಡೆಯಬೇಕು ಎಂಬುದನ್ನು ಅವೇ ನಿರ್ಧರಿಸುತ್ತವೆ. ರಾಯಬಾಗ ತಾಲ್ಲೂಕಿನ ಮುಗಳಖೋಡದ ಸುತ್ತಣ ತೋಟಪಟ್ಟಿಗಳನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಈ ವ್ಯವಸ್ಥೆಯ ಪ್ರಕಾರ ಚುಚ್ಚುಮದ್ದು ಮತ್ತು ಗರ್ಭಿಣಿಯರ ತಪಾಸಣೆ ಹತ್ತಿರದ ಉಪಕೇಂದ್ರದ ಆರೋಗ್ಯ ಸಹಾಯಕಿಯಿಂದ ನಡೆಯಬೇಕು. ವೈದ್ಯರನ್ನು ಕಾಣಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ತಜ್ಞರ ಚಿಕಿತ್ಸೆಗೆ ಸಮುದಾಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಗೆ, ಅದಕ್ಕೂ ಮೀರಿದ್ದಾದರೆ ಬೆಳಗಾವಿಗೆ ಹೋಗಬೇಕು. ಕರ್ನಾಟಕದ ಹಳ್ಳಿಗಳಲ್ಲಿ ಇಂದು ಕಾಣುವ ಆರೋಗ್ಯ ಸೇವೆಯ ಮೆಟ್ಟಿಲುಗಳು ಈ ಮಾನದಂಡಗಳ ಮೇಲೆಯೇ ಕಟ್ಟಲ್ಪಟ್ಟಿವೆ. ದೇಶದಲ್ಲಿ ಈ ಮೂರೂ ಬಗೆಯ ಕೇಂದ್ರಗಳ ಒಟ್ಟು ಸಂಖ್ಯೆ 1981ರಲ್ಲಿ 57,363 ಇದ್ದದ್ದು 1999ರ ವೇಳೆಗೆ 1,63,181ಕ್ಕೆ ಏರಿತು.

ಕುಷ್ಠರೋಗ ಮತ್ತು ನಾರುಹುಣ್ಣು

1955ರಿಂದ ನಡೆಯುತ್ತಿದ್ದ ರಾಷ್ಟ್ರೀಯ ಕುಷ್ಠರೋಗ ನಿಯಂತ್ರಣ ಕಾರ್ಯಕ್ರಮವು 1983ರಲ್ಲಿ ನಿರ್ಮೂಲನಾ ಕಾರ್ಯಕ್ರಮವಾಗಿ ಮಾರ್ಪಟ್ಟಿತು. ಅದುವರೆಗೆ ಡ್ಯಾಪ್ಸೋನ್ ಎಂಬ ಒಂದೇ ಔಷಧಿಯನ್ನು ವರ್ಷಗಟ್ಟಲೆ ನೀಡಲಾಗುತ್ತಿತ್ತು. ರೋಗಾಣುಗಳು ಅದಕ್ಕೆ ನಿರೋಧಕ ಶಕ್ತಿಯನ್ನು ಬೆಳೆಸಿಕೊಳ್ಳುತ್ತಿದ್ದವು. ರಿಫಾಂಪಿಸಿನ್, ಕ್ಲೋಫಾಜಿಮಿನ್ ಮತ್ತು ಡ್ಯಾಪ್ಸೋನ್‌ಗಳನ್ನು ಒಟ್ಟಾಗಿ ನೀಡುವ ಬಹು ಔಷಧಿ ಚಿಕಿತ್ಸೆ ಜಾರಿಗೆ ಬಂದ ಮೇಲೆ ರೋಗವು ನಿಗದಿತ ಅವಧಿಯಲ್ಲಿ ಸಂಪೂರ್ಣ ಗುಣವಾಗುವಂತಾಯಿತು. ಊರ ಹೊರಗೆ ಬದುಕಬೇಕಾಗಿದ್ದ ರೋಗಿಯು ಮನೆಯಲ್ಲಿಯೇ ಇದ್ದು ಚಿಕಿತ್ಸೆ ಪಡೆಯಬಹುದಾದುದು ಇದರ ಸಾಮಾಜಿಕ ಪರಿಣಾಮ. ಕುಷ್ಠರೋಗವು ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಉಳಿದಿಲ್ಲವೆಂಬ ಮಟ್ಟವನ್ನು, ಅಂದರೆ ಹತ್ತು ಸಾವಿರ ಜನರಿಗೆ ಒಂದಕ್ಕಿಂತ ಕಡಿಮೆ ರೋಗಿಗಳೆಂಬ ಪ್ರಮಾಣವನ್ನು, ಭಾರತವು 2005ರ ಡಿಸೆಂಬರ್‌ನಲ್ಲಿ ತಲುಪಿತು.

ನಾರುಹುಣ್ಣು ನಿರ್ಮೂಲನಾ ಕಾರ್ಯಕ್ರಮವೂ 1983–84ರಲ್ಲಿಯೇ ಆರಂಭವಾಯಿತು. ಮೆಟ್ಟಿಲುಬಾವಿ ಮತ್ತು ಕೆರೆಗಳ ನೀರಿನಲ್ಲಿರುವ ಅತಿ ಸಣ್ಣ ಜಲಜೀವಿಗಳ ಮೂಲಕ ಹುಳುವಿನ ಮರಿಗಳು ದೇಹವನ್ನು ಸೇರುತ್ತವೆ. ಸುಮಾರು ಒಂದು ವರ್ಷದ ನಂತರ ದಾರದಂತಹ ಹುಳು ಸಾಮಾನ್ಯವಾಗಿ ಕಾಲಿನ ಚರ್ಮವನ್ನು ಸೀಳಿಕೊಂಡು ಹೊರಬರುತ್ತದೆ. ನೋವಿನಿಂದ ರೋಗಿಯು ವಾರಗಟ್ಟಲೆ ನಡೆಯಲಾರ. ಉಳುಮೆ ಬಿತ್ತನೆಯ ಕಾಲದಲ್ಲಿ ರೈತನೊಬ್ಬ ಹೀಗೆ ಮಲಗಿದರೆ ಆ ವರ್ಷದ ಬೆಳೆಯೇ ಕೈತಪ್ಪುತ್ತಿತ್ತು. ಈ ರೋಗಕ್ಕೆ ಲಸಿಕೆಯಾಗಲಿ ಔಷಧಿಯಾಗಲಿ ಇಲ್ಲ. ನೀರನ್ನು ಬಟ್ಟೆಯಲ್ಲಿ ಸೋಸುವುದು, ಮೆಟ್ಟಿಲುಬಾವಿಗಳನ್ನು ಸುರಕ್ಷಿತ ಬಾವಿಗಳನ್ನಾಗಿ ಪರಿವರ್ತಿಸುವುದು, ಕೊಳವೆಬಾವಿ ಕೊರೆಯಿಸುವುದು, ಹುಣ್ಣಿದ್ದವರು ನೀರಿಗಿಳಿಯದಂತೆ ತಿಳಿವಳಿಕೆ ನೀಡುವುದು ಇವೇ ಉಪಾಯಗಳು. ಕರ್ನಾಟಕವೂ ಸೇರಿದಂತೆ ಏಳು ರಾಜ್ಯಗಳಲ್ಲಿ ಹರಡಿದ್ದ ಈ ರೋಗದ ಪ್ರಕರಣಗಳು ಕಾರ್ಯಕ್ರಮದ ಆರಂಭದಲ್ಲಿ ವರ್ಷಕ್ಕೆ ಸುಮಾರು 40 ಸಾವಿರದಷ್ಟಿದ್ದವು. ಕೊನೆಯ ಪ್ರಕರಣ 1996ರ ಜುಲೈನಲ್ಲಿ ರಾಜಸ್ಥಾನದಲ್ಲಿ ದಾಖಲಾಯಿತು. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನು ನಾರುಹುಣ್ಣುಮುಕ್ತ ದೇಶವೆಂದು ಪ್ರಮಾಣೀಕರಿಸಿತು. ಹೆಚ್ಚು ವೆಚ್ಚವಿಲ್ಲದೆ, ನೀರಿನ ಶುದ್ಧತೆಯೊಂದರ ಬಲದಿಂದಲೇ ಗೆದ್ದ ಹೋರಾಟವೆಂದು ಇದನ್ನು ಪರಿಗಣಿಸಲಾಗುತ್ತದೆ.

ಕುಟುಂಬ ಕಲ್ಯಾಣ

ತುರ್ತುಪರಿಸ್ಥಿತಿಯ ಕಾಲದ ಬಲವಂತದ ಸಂತಾನಶಕ್ತಿಹರಣದಿಂದ ಜನರು ಕುಟುಂಬ ಯೋಜನೆ ಎಂಬ ಮಾತಿಗೇ ಭಯಪಡುವಂತಾಗಿತ್ತು. 1980ರ ದಶಕದ ಆರಂಭದಲ್ಲಿ ಆ ಕಾರ್ಯಕ್ರಮವನ್ನು ಸ್ವಯಂಪ್ರೇರಣೆಯ ನೆಲೆಯ ಮೇಲೆ ಮತ್ತೆ ಕಟ್ಟಬೇಕಾಗಿತ್ತು. 1982ರ ಜನವರಿಯಲ್ಲಿ ಪ್ರಕಟವಾದ ಹೊಸ ಇಪ್ಪತ್ತು ಅಂಶಗಳ ಕಾರ್ಯಕ್ರಮದಲ್ಲಿಯೂ ಸ್ವಯಂಪ್ರೇರಿತ ಕುಟುಂಬ ಯೋಜನೆಗೆ ಸ್ಥಾನವಿತ್ತು. ಆರೋಗ್ಯ ಸಚಿವಾಲಯದ ಅಧೀನದ ಹಿಂದೂಸ್ಥಾನ್ ಲೇಟೆಕ್ಸ್ ಸಂಸ್ಥೆಯ ಘಟಕವೊಂದು 1985ರಲ್ಲಿ ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಕಣಗಲಾದಲ್ಲಿ ಆರಂಭವಾಯಿತು. ಕುಟುಂಬ ಕಲ್ಯಾಣ ಕಾರ್ಯಕ್ರಮಕ್ಕೆ ಬೇಕಾದ ಗರ್ಭನಿರೋಧಕ ಸಾಧನಗಳನ್ನು ತಯಾರಿಸುವ ಈ ಘಟಕವು ಚಿಕ್ಕೋಡಿ ಸೀಮೆಯ ಕೆಲವೇ ಕೇಂದ್ರ ಸರ್ಕಾರಿ ಉದ್ಯಮಗಳಲ್ಲಿ ಒಂದು.

ಸಮಾಜ ಕಲ್ಯಾಣ

1980ರ ಜನವರಿಯಿಂದ ಅಕ್ಟೋಬರ್‌ವರೆಗೆ ಶಂಕರಾನಂದರು ಆರೋಗ್ಯದೊಂದಿಗೆ ಶಿಕ್ಷಣ ಮತ್ತು ಸಮಾಜ ಕಲ್ಯಾಣ ಖಾತೆಗಳನ್ನೂ ಹೊಂದಿದ್ದರು. ಅಂಗನವಾಡಿಗಳ ಮೂಲಕ ನಡೆಯುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು 33 ಘಟಕಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿತ್ತು. ಕರ್ನಾಟಕದಲ್ಲಿ ಅದರ ಮೊದಲ ಘಟಕ ತಿರುಮಕೂಡಲು ನರಸೀಪುರ. ಆರನೇ ಯೋಜನೆಯ ಅವಧಿಯಲ್ಲಿ ಅದನ್ನು ಸುಮಾರು ಸಾವಿರ ಘಟಕಗಳಿಗೆ ವಿಸ್ತರಿಸುವ ಕಾರ್ಯ ನಡೆಯಿತು. ಮಗುವಿನ ತೂಕ, ಪೂರಕ ಆಹಾರ, ಚುಚ್ಚುಮದ್ದು ಮತ್ತು ಶಾಲಾಪೂರ್ವ ಶಿಕ್ಷಣ ಒಂದೇ ಸೂರಿನಡಿ ದೊರೆಯಬೇಕೆಂಬುದು ಯೋಜನೆಯ ಆಶಯ.

ಎದೆಹಾಲಿನ ಬದಲಿಗೆ ಡಬ್ಬಿಹಾಲಿನ ಪುಡಿಯನ್ನು ಪ್ರಚಾರ ಮಾಡುವುದನ್ನು ನಿಯಂತ್ರಿಸುವ ಅಂತಾರಾಷ್ಟ್ರೀಯ ಸಂಹಿತೆಯನ್ನು ವಿಶ್ವ ಆರೋಗ್ಯ ಸಭೆಯು 1981ರಲ್ಲಿ ಅಂಗೀಕರಿಸಿತು. ಅದನ್ನನುಸರಿಸಿ 1983ರ ಡಿಸೆಂಬರ್‌ನಲ್ಲಿ ಭಾರತವು ಸ್ತನ್ಯಪಾನದ ರಕ್ಷಣೆಗಾಗಿ ತನ್ನದೇ ರಾಷ್ಟ್ರೀಯ ಸಂಹಿತೆಯನ್ನು ಪ್ರಕಟಿಸಿತು. ಇದೇ ಮುಂದೆ 1992ರ ಕಾನೂನಿಗೆ ಆಧಾರವಾಯಿತು.

ಜಲ ಮತ್ತು ವಿದ್ಯುತ್ (1985–1987)

1984ರ ಕೊನೆಯಲ್ಲಿ ರಚನೆಯಾದ ರಾಜೀವ್ ಗಾಂಧಿ ಸಂಪುಟದಲ್ಲಿ ಶಂಕರಾನಂದರಿಗೆ ನೀರಾವರಿ ಮತ್ತು ವಿದ್ಯುತ್ ಖಾತೆ ದೊರೆಯಿತು. 1985ರ ಸೆಪ್ಟೆಂಬರ್‌ನಲ್ಲಿ ಆ ಸಚಿವಾಲಯವನ್ನು ವಿಭಜಿಸಿ ಜಲಸಂಪನ್ಮೂಲ ಸಚಿವಾಲಯವನ್ನು ರಚಿಸಿದಾಗ ಅದರ ಹೊಣೆಯನ್ನು ಅವರು ವಹಿಸಿಕೊಂಡರು. ನೀರನ್ನು ಕೇವಲ ನೀರಾವರಿಯ ಸಾಧನವೆಂದು ಭಾವಿಸದೆ ಕುಡಿಯುವ ನೀರು, ವಿದ್ಯುತ್, ಪ್ರವಾಹ ನಿಯಂತ್ರಣಗಳೆಲ್ಲಕ್ಕೂ ಸೇರಿದ ಸಂಪನ್ಮೂಲವೆಂದು ನೋಡುವ ದೃಷ್ಟಿ ಈ ಹೆಸರಿನ ಬದಲಾವಣೆಯಲ್ಲಿ ಅಡಗಿತ್ತು.

ರಾಷ್ಟ್ರೀಯ ಜಲಸಂಪನ್ಮೂಲ ಮಂಡಳಿಯು ತನ್ನ ಮೊದಲ ಸಭೆಯನ್ನು 1985ರಲ್ಲಿ ನಡೆಸಿತು. ದೇಶದ ಮೊದಲ ರಾಷ್ಟ್ರೀಯ ಜಲನೀತಿಯ ಸಿದ್ಧತೆ ಅವರ ಅವಧಿಯಲ್ಲಿ ನಡೆಯಿತು. ನೀತಿಯ ಅಂಗೀಕಾರವಾದದ್ದು 1987ರ ಸೆಪ್ಟೆಂಬರ್‌ನಲ್ಲಿ. ಆ ವೇಳೆಗೆ ಅವರು ಬೊಫೋರ್ಸ್ ಸಮಿತಿಯ ಅಧ್ಯಕ್ಷರಾಗಿದ್ದರು. ನೀರಿನ ಹಂಚಿಕೆಯಲ್ಲಿ ಮೊದಲು ಕುಡಿಯುವ ನೀರು, ನಂತರ ನೀರಾವರಿ, ಬಳಿಕ ಜಲವಿದ್ಯುತ್, ಆಮೇಲೆ ನೌಕಾಯಾನ, ಕೊನೆಗೆ ಕೈಗಾರಿಕೆ ಮತ್ತು ಇತರ ಬಳಕೆ ಎಂಬ ಆದ್ಯತಾ ಕ್ರಮವನ್ನು ಆ ನೀತಿ ನಿಗದಿಪಡಿಸಿತು. ಆರೋಗ್ಯ ನೀತಿಯಲ್ಲಿ ಒತ್ತಿಹೇಳಿದ್ದ ಶುದ್ಧ ಕುಡಿಯುವ ನೀರಿಗೆ ಜಲನೀತಿಯಲ್ಲಿಯೂ ಮೊದಲ ಸ್ಥಾನ ದೊರೆತದ್ದು ಗಮನಾರ್ಹ.

ನವೀಕರಿಸಬಹುದಾದ ಇಂಧನದ ದೃಷ್ಟಿಯಿಂದ ನೋಡಿದರೆ ಅವರ ಖಾತೆಗಳಿಗೆ ಸಂಬಂಧಿಸಿದ್ದು ಮುಖ್ಯವಾಗಿ ಜಲವಿದ್ಯುತ್. ಸೌರ, ಪವನ ಮತ್ತು ಜೈವಿಕ ಅನಿಲಗಳಿಗಾಗಿ 1982ರಲ್ಲಿಯೇ ಅಸಾಂಪ್ರದಾಯಿಕ ಇಂಧನ ಮೂಲಗಳ ಇಲಾಖೆ ಪ್ರತ್ಯೇಕವಾಗಿ ಸ್ಥಾಪನೆಯಾಗಿತ್ತು. 1980ರ ದಶಕದ ಮಧ್ಯದಲ್ಲಿ ದೇಶದ ವಿದ್ಯುತ್ ಸಾಮರ್ಥ್ಯದ ಸುಮಾರು ಮೂರನೆಯ ಒಂದು ಭಾಗ ಜಲಮೂಲದ್ದಾಗಿತ್ತು. ಆಡಳಿತದ ವರ್ಗೀಕರಣದಲ್ಲಿ ಬಹುಕಾಲ 25 ಮೆಗಾವಾಟ್‌ವರೆಗಿನ ಸಣ್ಣ ಜಲವಿದ್ಯುತ್ ಘಟಕಗಳನ್ನು ಮಾತ್ರ ನವೀಕರಿಸಬಹುದಾದ ಮೂಲವೆಂದು ಪರಿಗಣಿಸಲಾಗುತ್ತಿತ್ತು. ದೊಡ್ಡ ಘಟಕಗಳನ್ನೂ ಆ ಪಟ್ಟಿಗೆ ಸೇರಿಸಿದ್ದು 2019ರ ಮಾರ್ಚ್‌ನಲ್ಲಿ.

ಬೆಳಗಾವಿ ಜಿಲ್ಲೆಗೆ ಈ ವಿಷಯ ಹೊಸದಲ್ಲ. ಗೋಕಾಕ ಜಲಪಾತದಲ್ಲಿ 1887ರಷ್ಟು ಹಿಂದೆಯೇ ನೀರಿನಿಂದ ವಿದ್ಯುತ್ ಉತ್ಪಾದಿಸಲಾಗಿತ್ತು. ಘಟಪ್ರಭಾ ನದಿಗೆ ಹಿಡಕಲ್‌ನಲ್ಲಿ ಕಟ್ಟಿದ ರಾಜಾ ಲಖಮಗೌಡ ಜಲಾಶಯದ ಸಂಗ್ರಹ ಸಾಮರ್ಥ್ಯ 51 ಟಿಎಂಸಿ. ಇದರ ಎಡದಂಡೆ ಕಾಲುವೆಯು ರಾಯಬಾಗ ತಾಲ್ಲೂಕಿನ ಒಣಭೂಮಿಗೆ ನೀರುಣಿಸುತ್ತದೆ. ಅಣೆಕಟ್ಟಿನ ಬುಡದಲ್ಲಿ ತಲಾ 16 ಮೆಗಾವಾಟ್‌ನ ಎರಡು ವಿದ್ಯುತ್ ಘಟಕಗಳಿವೆ. ನೀರು ಬಂದಲ್ಲಿ ಕಬ್ಬು ಬಂತು. ಕಬ್ಬಿನ ಸಿಪ್ಪೆಯನ್ನು ಉರಿಸಿ ಸಕ್ಕರೆ ಕಾರ್ಖಾನೆಗಳು ತಮಗೆ ಬೇಕಾದ ವಿದ್ಯುತ್ತನ್ನು ಉತ್ಪಾದಿಸಿ ಉಳಿದುದನ್ನು ಜಾಲಕ್ಕೆ ಮಾರುವ ಸಹವಿದ್ಯುತ್ ಪದ್ಧತಿಯು ನಂತರದ ದಶಕಗಳಲ್ಲಿ ಈ ಸೀಮೆಯ ಮುಖ್ಯ ನವೀಕರಿಸಬಹುದಾದ ಇಂಧನವಾಗಿ ಬೆಳೆಯಿತು. 1939ರಲ್ಲಿ ಸ್ಥಾಪನೆಯಾದ ಉಗಾರದ ಸಕ್ಕರೆ ಕಾರ್ಖಾನೆ ಇದಕ್ಕೆ ಉದಾಹರಣೆ.

ಇತರ ಹೊಣೆಗಾರಿಕೆಗಳು

1988ರಿಂದ 1989ರವರೆಗೆ ಶಂಕರಾನಂದರು ಕಾನೂನು ಸಚಿವರಾಗಿದ್ದರು. ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿದ ಸಂವಿಧಾನದ 61ನೇ ತಿದ್ದುಪಡಿಯ ಮಸೂದೆಯನ್ನು 1988ರ ಡಿಸೆಂಬರ್ 13ರಂದು ಲೋಕಸಭೆಯಲ್ಲಿ ಮಂಡಿಸಿದವರು ಅವರೇ. 1989ರ ಮಾರ್ಚ್ 28ರಂದು ಅದು ಜಾರಿಗೆ ಬಂದಿತು. 1991ರಿಂದ 1993ರ ಜನವರಿಯವರೆಗೆ ಅವರು ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ಸಚಿವರಾಗಿದ್ದರು.

ಆರೋಗ್ಯ ಸಚಿವರಾಗಿ ಎರಡನೇ ಅವಧಿ (1993–1994)

1993ರ ಜನವರಿಯಲ್ಲಿ ಅವರು ಮತ್ತೆ ಆರೋಗ್ಯ ಖಾತೆಗೆ ಮರಳಿದರು. ಈ ಅವಧಿಯಲ್ಲಿ ಎರಡು ಮಹತ್ವದ ಕಾನೂನುಗಳು ರೂಪುಗೊಂಡವು. ಮಾನವ ಅಂಗಾಂಗ ಕಸಿ ಕಾಯ್ದೆ, 1994 ಮೆದುಳಿನ ಸಾವನ್ನು ಕಾನೂನಿನ ದೃಷ್ಟಿಯಲ್ಲಿ ಸಾವೆಂದು ಮಾನ್ಯ ಮಾಡಿ, ಅಂಗಾಂಗಗಳ ಮಾರಾಟವನ್ನು ಅಪರಾಧವೆಂದು ಘೋಷಿಸಿತು. ಅಲ್ಲಿಯವರೆಗೆ ಬಡವರ ಮೂತ್ರಪಿಂಡಗಳ ವ್ಯಾಪಾರವನ್ನು ತಡೆಯಲು ಸ್ಪಷ್ಟವಾದ ಕೇಂದ್ರ ಕಾನೂನು ಇರಲಿಲ್ಲ. ಪ್ರಸವಪೂರ್ವ ಲಿಂಗ ಪತ್ತೆಯನ್ನು ನಿಷೇಧಿಸುವ ಕಾಯ್ದೆಗೆ 1994ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರಪತಿಯವರ ಅಂಕಿತ ದೊರೆತು, 1996ರ ಜನವರಿ 1ರಿಂದ ಜಾರಿಯಾಯಿತು. ನೆರೆಯ ಮಹಾರಾಷ್ಟ್ರವು 1988ರಲ್ಲಿಯೇ ಇಂಥ ಕಾನೂನನ್ನು ಮಾಡಿತ್ತು. ಗಡಿ ದಾಟಿದರೆ ಕಾನೂನು ಬದಲಾಗುವ ಸ್ಥಿತಿಗೆ ಕೇಂದ್ರ ಕಾಯ್ದೆಯು ಕೊನೆ ಹಾಡಿತು.

1994ರ ಸೆಪ್ಟೆಂಬರ್‌ನಲ್ಲಿ ಗುಜರಾತಿನ ಸೂರತ್ ನಗರದಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ಐವತ್ತಕ್ಕೂ ಹೆಚ್ಚು ಜನರು ಮೃತಪಟ್ಟರು. ಲಕ್ಷಾಂತರ ಜನರು ನಗರವನ್ನು ತೊರೆದರು. ಹಲವು ದೇಶಗಳು ಭಾರತದೊಂದಿಗಿನ ವಿಮಾನ ಸಂಪರ್ಕವನ್ನು ಸ್ಥಗಿತಗೊಳಿಸಿದವು. ರೋಗವನ್ನು ಪ್ರಯೋಗಾಲಯದಲ್ಲಿ ಶೀಘ್ರವಾಗಿ ದೃಢಪಡಿಸುವ ಮತ್ತು ಮಾಹಿತಿಯನ್ನು ಮೇಲಕ್ಕೆ ತಲುಪಿಸುವ ವ್ಯವಸ್ಥೆ ದೇಶದಲ್ಲಿ ದುರ್ಬಲವಾಗಿರುವುದು ಆಗ ಬಯಲಾಯಿತು. ವೈದ್ಯವಿಜ್ಞಾನಿ ವಿ. ರಾಮಲಿಂಗಸ್ವಾಮಿಯವರ ನೇತೃತ್ವದ ತಾಂತ್ರಿಕ ಸಮಿತಿಯನ್ನು ಕೇಂದ್ರವು ನೇಮಿಸಿತು. ಸಾಂಕ್ರಾಮಿಕ ರೋಗಗಳ ಕಣ್ಗಾವಲಿಗೆ ನಂತರದ ವರ್ಷಗಳಲ್ಲಿ ರೂಪುಗೊಂಡ ರಾಷ್ಟ್ರೀಯ ಕಾರ್ಯಕ್ರಮಗಳಿಗೆ ಈ ಅನುಭವವೇ ಪ್ರೇರಣೆ.

ವಿವಾದಗಳು

ಬೊಫೋರ್ಸ್ ಫಿರಂಗಿ ಖರೀದಿಯ ಆರೋಪಗಳನ್ನು ಪರಿಶೀಲಿಸಲು 1987ರ ಆಗಸ್ಟ್‌ನಲ್ಲಿ ರಚಿಸಿದ ಜಂಟಿ ಸಂಸದೀಯ ಸಮಿತಿಗೆ ಶಂಕರಾನಂದರು ಅಧ್ಯಕ್ಷರಾದರು. ಪ್ರಮುಖ ವಿರೋಧ ಪಕ್ಷಗಳು ಸಮಿತಿಯನ್ನು ಬಹಿಷ್ಕರಿಸಿದವು. 1988ರ ಏಪ್ರಿಲ್‌ನಲ್ಲಿ ಸಲ್ಲಿಸಿದ ವರದಿಯು ಲಂಚ ನೀಡಿದ್ದಕ್ಕೆ ಸಾಕ್ಷ್ಯವಿಲ್ಲವೆಂದು ಹೇಳಿತು. ಸಮಿತಿಯ ಸದಸ್ಯರಾಗಿದ್ದ ಅಣ್ಣಾ ಡಿಎಂಕೆಯ ಆಲಡಿ ಅರುಣ ಅವರು ಭಿನ್ನಮತದ ಟಿಪ್ಪಣಿ ಸಲ್ಲಿಸಿದರು. ವರದಿಯು ಸರ್ಕಾರವನ್ನು ರಕ್ಷಿಸುವ ಉದ್ದೇಶದ್ದೆಂದು ವಿರೋಧ ಪಕ್ಷಗಳು ಟೀಕಿಸಿದವು. ಮುಂದೆ, 1992ರ ಷೇರುಪೇಟೆ ಹಗರಣವನ್ನು ಪರಿಶೀಲಿಸಿದ ಜಂಟಿ ಸಂಸದೀಯ ಸಮಿತಿಯ ವರದಿಯ ಹಿನ್ನೆಲೆಯಲ್ಲಿ ಅವರು 1994ರ ಡಿಸೆಂಬರ್‌ನಲ್ಲಿ ಸಂಪುಟದಿಂದ ಹೊರಬಂದರು.

ಮೌಲ್ಯಮಾಪನ

1983ರ ನೀತಿಯ ಗುರಿಗಳು ಸಮನಾಗಿ ಈಡೇರಲಿಲ್ಲ. ಸಾವಿರಕ್ಕೆ 9ಕ್ಕೆ ಇಳಿಯಬೇಕಾಗಿದ್ದ ಮರಣ ಪ್ರಮಾಣವು 1981ರಲ್ಲಿದ್ದ 12.5ರಿಂದ 1999ರಲ್ಲಿ 8.7ಕ್ಕೆ ಇಳಿದು ಗುರಿ ತಲುಪಿತು. ಶಿಶು ಮರಣ ಪ್ರಮಾಣವು 1981ರಲ್ಲಿ 110 ಇದ್ದದ್ದು 2000ನೇ ಇಸವಿಯಲ್ಲಿ 68ಕ್ಕೆ ಇಳಿಯಿತಾದರೂ 60ರ ಗುರಿಗಿಂತ ಹಿಂದೆ ಉಳಿಯಿತು. ಜನನ ಪ್ರಮಾಣವು 21ರ ಬದಲು 26ರ ಆಸುಪಾಸಿನಲ್ಲಿತ್ತು. ಕಟ್ಟಡಗಳು ಏಳುವುದಕ್ಕೂ ಅವುಗಳಲ್ಲಿ ವೈದ್ಯರು, ದಾದಿಯರು, ಔಷಧಿಗಳು ಇರುವುದಕ್ಕೂ ಅಂತರವಿದೆ ಎಂಬುದನ್ನು ಮುಂದಿನ ದಶಕಗಳು ತೋರಿಸಿಕೊಟ್ಟವು. ಈ ಕೊರತೆಗಳನ್ನು ನೀಗಿಸುವ ಯತ್ನವಾಗಿ 2002 ಮತ್ತು 2017ರಲ್ಲಿ ಹೊಸ ಆರೋಗ್ಯ ನೀತಿಗಳು ಬಂದವು.

ಆದರೂ ಹಳ್ಳಿಯ ಬಡವನಿಗೆ ಆರೋಗ್ಯ ಸೇವೆಯು ಮನೆಯ ಹತ್ತಿರ ದೊರೆಯಬೇಕು ಮತ್ತು ಅದರ ದೂರವನ್ನು ಜನಸಂಖ್ಯೆಯ ಲೆಕ್ಕದಿಂದ ನಿರ್ಧರಿಸಬೇಕು ಎಂಬ ತತ್ತ್ವ ಅಂದಿನಿಂದ ಕೈಬಿಟ್ಟುಹೋಗಿಲ್ಲ. ಮುಗಳಖೋಡ, ಹಾರೂಗೇರಿ, ಐನಾಪುರಗಳಂಥ ಊರುಗಳಲ್ಲಿ ಚುಚ್ಚುಮದ್ದಿನ ದಿನ ತಾಯಂದಿರು ಮಕ್ಕಳನ್ನೆತ್ತಿಕೊಂಡು ಸೇರುವ ಕೇಂದ್ರಗಳು ಆ ತತ್ತ್ವದ ಗೋಚರ ರೂಪ. ಆ ಊರುಗಳ ಮತದಿಂದಲೇ ಏಳು ಬಾರಿ ಸಂಸತ್ತಿಗೆ ಹೋದ ವ್ಯಕ್ತಿಯ ಅವಧಿಯಲ್ಲಿ ಆ ಮಾನದಂಡಗಳು ಜಾರಿಗೆ ಬಂದವು.

ನಿಧನ

ಶಂಕರಾನಂದರು 2009ರ ನವೆಂಬರ್ 20ರಂದು ತಮ್ಮ 84ನೇ ವಯಸ್ಸಿನಲ್ಲಿ ನಿಧನರಾದರು.